ಯಾರೂ ವಿರೋಧಿಸಲಿಲ್ಲ

ಜೂನ್ 12

ಅಕ್ಕ,

ಪ್ರಮಾಣವಚನ ಮುಗಿಯಿತು. ನಾಲಿಗೆ ತೊದಲಲಿಲ್ಲ. ನೀನು ಇಸ್ತ್ರಿ ಮಾಡಿಕೊಟ್ಟ ಅಂಗಿಯ ಮೇಲೆ ಚಹಾ ಚೆಲ್ಲಿಕೊಂಡದ್ದು ಪ್ರಮಾಣವಚನ ಆದ ಮೇಲೆ, ಮೊದಲಲ್ಲ. ಹಾಗಾಗಿ ಫೋಟೋದಲ್ಲಿ ನಿನ್ನ ತಮ್ಮ ಶುಭ್ರವಾಗಿಯೇ ಇದ್ದಾನೆ.

ನನ್ನ ಜಾಗ ಕೊನೆಯ ಸಾಲಿನಲ್ಲಿ, ಒಂದು ದಪ್ಪ ಕಂಬದ ಹಿಂದೆ. ಇಲ್ಲಿ ಪಕ್ಷದಲ್ಲಿ ಎಷ್ಟು ತಲೆಯೋ ಅಷ್ಟು ಮಾತು. ದೊಡ್ಡ ಪಕ್ಷದವರು ಗಂಟೆಗಟ್ಟಲೆ ಮಾತಾಡಬಹುದು. ನಮ್ಮದು ಒಂದೇ ತಲೆ, ಅದೂ ಅರ್ಧ ಬೋಳು, ಆದ್ದರಿಂದ ಎರಡು ನಿಮಿಷ. ಆಮೇಲೆ ಸಭಾಧ್ಯಕ್ಷರು ಗಂಟೆ ಬಾರಿಸುತ್ತಾರೆ. ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದಷ್ಟು ವರ್ಷ ನಾನು ಗಂಟೆ ಬಾರಿಸಿ ಜನರನ್ನು ಇಳಿಸುತ್ತಿದ್ದೆ. ಈಗ ಗಂಟೆ ಬಾರಿಸಿ ನನ್ನನ್ನೇ ಇಳಿಸುತ್ತಾರೆ.

ಪಕ್ಷದ ನಾಯಕ ನಾನೇ, ಸಚೇತಕ ನಾನೇ, ಸದಸ್ಯನೂ ನಾನೇ. ಬೆಳಗ್ಗೆ ಗಡ್ಡ ಹೆರೆಯುವಾಗ ಕನ್ನಡಿಯ ಮುಂದೆ ಪಕ್ಷದ ಸಭೆ ನಡೆಸುತ್ತೇನೆ. ಇವತ್ತಿನವರೆಗೆ ಭಿನ್ನಮತ ಎದ್ದಿಲ್ಲ.

ಒಬ್ಬ ಸ್ನೇಹಿತರು ಸಿಕ್ಕಿದ್ದಾರೆ. ಕಂಬದ ಪಕ್ಕದ ಬಾಗಿಲು ಕಾಯುವವರು. ಸದನ ನಡೆಯುವಷ್ಟು ಹೊತ್ತೂ ಅಲ್ಲೇ ನಿಂತಿರುತ್ತಾರೆ. ಮೊದಲ ದಿನ ನಾನು ಕೈ ಎತ್ತಿ ಎತ್ತಿ ಸೋತಾಗ ಮೆಲ್ಲಗೆ ಹೇಳಿದರು: "ಸಾರ್, ಸ್ವಲ್ಪ ಎಡಕ್ಕೆ ವಾಲಿ. ಆಗ ಅವರಿಗೆ ಕಾಣ್ತೀರಿ." ವಾಲಿದೆ, ಕಂಡೆ, ಎರಡು ನಿಮಿಷ ಸಿಕ್ಕಿತು.

ನಿನ್ನ ಕಾಲು ಹೇಗಿದೆ? ನಿಜ ಹೇಳು.

ಎಡಕ್ಕೆ ವಾಲಿರುವ,
ನಿನ್ನ ತಮ್ಮ


ಜುಲೈ 3

ಎರಡು ನಿಮಿಷದ ತಮ್ಮನಿಗೆ,

ಕಾಲಿನ ವಿಷಯ ಕೇಳಿದ್ದೀಯ. ಎರಡೂ ಇವೆ.

ಇನ್ನು ಮೇಲೆ ಅಂಗಡಿಗೆ ಫೋನ್ ಮಾಡಬೇಡ. ಫೋನು ಸಾಹುಕಾರರ ಮೇಜಿನ ಮೇಲಿರುವುದು. ನಾನು "ಹೂಂ, ಹೂಂ" ಅನ್ನುವಷ್ಟೂ ಹೊತ್ತು ಅವರು ಗಡಿಯಾರ ನೋಡುತ್ತಾ ಇರುತ್ತಾರೆ. ಕಾಗದವೇ ವಾಸಿ. ಗಿರಾಕಿ ಇಲ್ಲದಾಗ ಪರದೆ ಬಟ್ಟೆಯ ಥಾನಿನ ಮೇಲೆ ಇಟ್ಟುಕೊಂಡು ಬರೆಯಬಹುದು. ಈಗ ಹಾಗೇ ಬರೆಯುತ್ತಿದ್ದೇನೆ.

ನಿಜ ಹೇಳು ಅಂದೆಯಲ್ಲ, ಹೇಳುತ್ತೇನೆ. ಸಂಜೆಯ ಹೊತ್ತಿಗೆ ಪಾದ ಚಪ್ಪಲಿಯೊಳಗೆ ಹಿಡಿಸುವುದಿಲ್ಲ. ಮೀನಖಂಡದಲ್ಲಿ ನರಗಳು ಗಂಟುಗಂಟಾಗಿವೆ. ಡಾಕ್ಟರಿಗೆ ತೋರಿಸಿದೆ. "ದಿನದಲ್ಲಿ ಆಗಾಗ ಕೂತ್ಕೊಳ್ಳಿ. ಇಲ್ದಿದ್ರೆ ಮುಂದೆ ಕೆಲಸಕ್ಕೇ ಹೋಗೋಕಾಗಲ್ಲ" ಅಂದರು. ಅವರಿಗೇನು ಸುಲಭ, ಕೂತುಕೊಂಡು ಹೇಳಿದರು.

ಅಂಗಡಿಯಲ್ಲಿ ಗಿರಾಕಿಗಳಿಗೆ ಸಾಲಾಗಿ ಮೆತ್ತನೆಯ ಕುರ್ಚಿಗಳಿವೆ. ಖಾಲಿ ಬಿದ್ದಿದ್ದರೂ ನಾವು ಕೂರುವ ಹಾಗಿಲ್ಲ. "ಕೂತು ಮಾರಿದ್ದು ಮಾರಾಟ ಅಲ್ಲ" ಅನ್ನುವುದು ಸಾಹುಕಾರರ ಮಾತು. ಗುಂಡಿ, ದಾರ ಮಾರುವ ನಮ್ಮ ಗುಂಡಿ ಅತ್ತೆ ಇದ್ದಾರಲ್ಲ, ಅವರು ಮಂಡಿನೋವಿಗೆ ಒಂದು ಉಪಾಯ ಕಂಡುಕೊಂಡಿದ್ದಾರೆ. ದಿನಕ್ಕೆ ನಾಲ್ಕು ಸಲ ಬೇಕೆಂದೇ ಗುಂಡಿ ಚೆಲ್ಲಿ, ನೆಲದ ಮೇಲೆ ಕೂತು ಆರಿಸುತ್ತಾರೆ.

ನಿನಗೆ ನೆನಪಿರಬೇಕು. ಅಮ್ಮ ಹೋದ ಮೇಲೆ ನೀನು ಶಾಲೆ ಮುಗಿಸಿ ಸೀದಾ ಇಲ್ಲಿಗೇ ಬರುತ್ತಿದ್ದೆ. ನನ್ನ ಕೌಂಟರಿನ ಕೆಳಗೆ ಕೂತು ಮಗ್ಗಿ ಬರೆಯುತ್ತಿದ್ದೆ. ಅಲ್ಲಿಂದ ನಿನಗೆ ನನ್ನ ಕಾಲು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಅದಕ್ಕೇ ಇರಬೇಕು, ಇವತ್ತಿಗೂ ಮೊದಲು ಕಾಲಿನ ವಿಷಯವೇ ಕೇಳುತ್ತೀಯ.

ಗಿರಾಕಿ ಬಂದರು.

ನಿಂತುಕೊಂಡೇ ಬರೆದ,
ಅಕ್ಕ


ನವೆಂಬರ್ 20

ಅಕ್ಕ, ಅಕ್ಕ,

ಲಾಟರಿ ಹೊಡೆಯಿತು! ದುಡ್ಡಿನದಲ್ಲ. ನಮ್ಮಂಥ ಸಾಮಾನ್ಯ ಸದಸ್ಯರು ಸ್ವಂತವಾಗಿ ಮಸೂದೆ ತರಬೇಕಾದರೆ ಹೆಸರು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕುತ್ತಾರೆ. ಈ ಸಲ ನನ್ನ ಚೀಟಿ ಬಂತು. ಇಪ್ಪತ್ತು ವರ್ಷದಿಂದ ಇಲ್ಲಿರುವವರಿಗೂ ಬಂದಿಲ್ಲವಂತೆ.

ಪಕ್ಷ ಕಟ್ಟಿದ ನಮ್ಮ ಮೇಷ್ಟ್ರಿಗೆ ಬರೆದೆ. ಅವರು ಇಡೀ ಸಮಾಜವನ್ನೇ ಬುಡಮೇಲು ಮಾಡುವ ಮಸೂದೆಯೊಂದನ್ನು ಹನ್ನೆರಡು ಪುಟ ಬರೆದು ಕಳಿಸಿದರು. ಅದನ್ನು ಗೌರವದಿಂದ ಮಡಿಸಿ ದಿಂಬಿನ ಕೆಳಗಿಟ್ಟೆ. ನಾನು ಬರೆದದ್ದು ಇಷ್ಟೇ: "ನಿಂತು ಕೆಲಸ ಮಾಡುವ ಪ್ರತಿಯೊಬ್ಬರಿಗೂ ಕೂರಲು ಒಂದು ಆಸನ ಕೊಡತಕ್ಕದ್ದು. ಕೆಲಸವಿಲ್ಲದ ಹೊತ್ತಿನಲ್ಲಿ ಕೂತರೆ ಯಾರೂ ಬೈಯತಕ್ಕದ್ದಲ್ಲ." ಕಾನೂನು ಅಧಿಕಾರಿಗಳು 'ಬೈಯತಕ್ಕದ್ದಲ್ಲ' ಎನ್ನುವುದನ್ನು ಹೊಡೆದು ಏನೋ ಉದ್ದವಾದದ್ದು ಸೇರಿಸಿದರು. ಮಿಕ್ಕದ್ದು ನನ್ನದೇ.

ಇವತ್ತು ಮಧ್ಯಾಹ್ನ ಮಂಡಿಸಿದೆ. ಸಭಾಧ್ಯಕ್ಷರು "ಸದನದ ಒಪ್ಪಿಗೆ ಇದೆಯೆ?" ಎಂದು ಕೇಳಿದರು. ಇಡೀ ಸದನ ಒಂದೇ ದನಿಯಲ್ಲಿ "ಹೌದು" ಎಂದಿತು. ಯಾರೂ ವಿರೋಧಿಸಲಿಲ್ಲ, ಅಕ್ಕ! ಆಡಳಿತದವರಿಲ್ಲ, ವಿರೋಧದವರಿಲ್ಲ, ಒಬ್ಬರೂ ವಿರೋಧಿಸಲಿಲ್ಲ! ರೇಡಿಯೋದಲ್ಲೂ ಬರುತ್ತದಂತೆ, ಕೇಳು.

ನಾನು ಕಂಬದ ಹಿಂದೆ ಸ್ವಲ್ಪ ಅತ್ತೆ. ಬಾಗಿಲಿನವರು ನೋಡದಂತೆ ಮುಖ ತಿರುಗಿಸಿಕೊಂಡರು.

ಹಿಗ್ಗಿ ಹೀರೇಕಾಯಿ ಆಗಿರುವ,
ನಿನ್ನ ತಮ್ಮ


ನವೆಂಬರ್ 26

ನನ್ನ ಮುದ್ದು ತಮ್ಮನಿಗೆ,

ರೇಡಿಯೋ ಕೇಳಿದೆ, ನಿನ್ನ ಕಾಗದವನ್ನೂ ಓದಿದೆ. ಮಾರನೆಯ ಬೆಳಗ್ಗೆ ಅಡುಗೆಮನೆಯ ಸ್ಟೂಲನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್ ಅದಕ್ಕೂ ಟಿಕೆಟ್ ಕೇಳಿದ. ನಿನ್ನ ಹೆಸರು ಹೇಳಿದೆ, ಬಿಟ್ಟ.

ಗುಂಡಿ ಅತ್ತೆಗೆ ಮೊದಲೇ ಹೇಳಿ ಕಳಿಸಿದ್ದೆ. ಅವರು ಮೊಮ್ಮಗಳ ಕುರ್ಚಿ ತಂದಿದ್ದರು, ಅದರಲ್ಲಿ ಅರ್ಧ ಮಾತ್ರ ಹಿಡಿಸಿದರು. ಹಾಸಿಗೆ ಬಟ್ಟೆಯವಳು ಒಂದು ಪೆಟ್ಟಿಗೆ ತಂದಳು. ಬಾಗಿಲು ತೆರೆದ ಕೂಡಲೇ ನಾವೆಲ್ಲ ಕೂತೆವು.

ಸಾಹುಕಾರರು ಬಂದರು. ಬಾಗಿಲಲ್ಲೇ ನಿಂತುಬಿಟ್ಟರು.

"ಏನಮ್ಮಾ ಇದು?"

"ಕಾನೂನು, ಸಾಹುಕಾರ್ರೇ" ಅಂದೆ. "ನನ್ನ ತಮ್ಮ ಮಾಡಿದ್ದು. ಯಾರೂ ವಿರೋಧಿಸಲಿಲ್ಲವಂತೆ."

ಅವರು ಹಿಂದಕ್ಕೆ ತಿರುಗಿದರು. ತಪಾಸಣೆಯವರು ಎಲ್ಲಾದರೂ ಬಂದಿದ್ದಾರೋ ಅಂತ ಬೀದಿಯ ಎರಡೂ ಕಡೆ ನೋಡಿದರು. ಆಮೇಲೆ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಕೂತೇ ಇದ್ದೆ. ಗಿರಾಕಿ ಬಂದಾಗ ಎದ್ದೆ, ಹೋದ ಮೇಲೆ ಮತ್ತೆ ಕೂತೆ. ಇಷ್ಟು ವರ್ಷ ಈ ಅಂಗಡಿಯಲ್ಲಿದ್ದೇನೆ, ಕೂತು ನೋಡಿದರೆ ಇದು ಹೇಗಿರುತ್ತದೆ ಅಂತ ಗೊತ್ತೇ ಇರಲಿಲ್ಲ. ಎದುರಿನ ಕನ್ನಡಿಯಲ್ಲಿ ನನ್ನ ಮುಖ ಕಂಡಿತು. ಸಿಡುಕು ಮೋರೆ ಅಂತ ನೀನು ಗೇಲಿ ಮಾಡುತ್ತಿದ್ದೆಯಲ್ಲ, ಅದು ಇರಲಿಲ್ಲ.

ಸಂಜೆ ಚಪ್ಪಲಿ ಸಲೀಸಾಗಿ ಹಿಡಿಯಿತು. ಅದನ್ನು ನೋಡಿ ನನಗೂ ಅಳು ಬಂತು. ನಮ್ಮದು ಅಳುಬುರುಕರ ವಂಶ.

ಕೂತುಕೊಂಡು ಬರೆದ,
ಅಕ್ಕ


ಡಿಸೆಂಬರ್ 1

ಅಕ್ಕ,

ಈ ಕಾಗದ ಸಿಕ್ಕಿದ ತಕ್ಷಣ ಸ್ಟೂಲು ಮನೆಗೆ ತೆಗೆದುಕೊಂಡು ಹೋಗು. ಅದು ಇನ್ನೂ ಕಾನೂನಾಗಿಲ್ಲ!

ನಾನು ಮಸೂದೆಯನ್ನು ಸದನದ ಮುಂದೆ ಇಟ್ಟಿದ್ದೇನೆ, ಅಷ್ಟೇ. ಇಡುವುದಕ್ಕೆ ಯಾರೂ ಅಡ್ಡಿ ಮಾಡಬಾರದು ಎನ್ನುವುದು ಇಲ್ಲಿನ ರೂಢಿ. ನಾಳೆ ಯಾರಾದರೂ ಚಂದ್ರನಿಗೆ ಸುಣ್ಣ ಹೊಡೆಯುವ ಮಸೂದೆ ತಂದರೂ ಎಲ್ಲರೂ "ಹೌದು" ಎನ್ನುತ್ತಾರೆ. ನಿಜವಾದ ಚರ್ಚೆ ಆಮೇಲೆ, ಮತ ಅದರ ಆಮೇಲೆ. ಅದಾದ ಮೇಲೂ ಇನ್ನೊಂದು ಸದನ, ಸಹಿ, ಮುದ್ರೆ ಎಲ್ಲ ಇದೆ. ಇಂಥ ಮಸೂದೆ ಗೆದ್ದದ್ದನ್ನು ಇಲ್ಲಿ ಯಾರೂ ಕಂಡಿಲ್ಲ. ಖುಷಿಯಲ್ಲಿ ಇದನ್ನೆಲ್ಲ ಬರೆಯುವುದು ಬಿಟ್ಟೇಹೋಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದೆ, ಅದನ್ನು ನಿನ್ನ ತಲೆಗೇ ತೊಡಿಸಿದೆ.

ಸಾಹುಕಾರರಿಗೆ ಗೊತ್ತಾದರೆ ನಿನ್ನ ಕೆಲಸದ ಗತಿ ಏನು? ದಯವಿಟ್ಟು ಎದ್ದುಬಿಡು.

ಗಾಬರಿಯಲ್ಲಿ,
ತಮ್ಮ


ಡಿಸೆಂಬರ್ 9

ತಮ್ಮಾ,

ನಿನ್ನ ಕಾಗದಕ್ಕಿಂತ ಮುಂಚೆ ಸಾಹುಕಾರರ ವಕೀಲರು ಬಂದು ಹೇಳಿದರು. ನನ್ನನ್ನು ಕೋಣೆಗೆ ಕರೆಸಿದರು. ಸಾಹುಕಾರರು ಕೂಗಾಡುವ ಜನ ಅಲ್ಲ, ನಿನಗೂ ಗೊತ್ತು. ಅಮ್ಮ ಹೋದಾಗ ಮನೆಗೆ ಬಂದಿದ್ದವರು. ಆದರೆ ಮುಖ ಕೆಂಪಾಗಿತ್ತು.

"ಎಲ್ಲರ ಮುಂದೆ ನನ್ನನ್ನ ಹೆದರಿಸಿದೆಯಲ್ಲಮ್ಮಾ."

"ಸುಳ್ಳು ಹೇಳಿ ಹೆದರಿಸಲಿಲ್ಲ, ಸಾಹುಕಾರ್ರೇ. ನಾನೂ ನಿಜ ಅಂತಲೇ ನಂಬಿದ್ದೆ."

ಆಮೇಲೆ ತೀರ್ಮಾನ ಹೇಳಿದರು. ನಿನ್ನ ಮಸೂದೆ ಇತ್ಯರ್ಥ ಆಗುವವರೆಗೆ ಸ್ಟೂಲು ಇರಲಿ. ಕಾನೂನಾದರೆ ಅವರೇ ಎಲ್ಲರಿಗೂ ಕುರ್ಚಿ ಮಾಡಿಸಿಕೊಡುತ್ತಾರೆ. ಆಗದಿದ್ದರೆ ಸ್ಟೂಲು ಮನೆಗೆ, ಅದರ ಜೊತೆ ನಾನೂ ಮನೆಗೆ. ಬೇರೆಯವರ ಮೇಲೆ ಕೋಪ ಇಲ್ಲವಂತೆ, ಎಬ್ಬಿಸಿದ್ದು ನಾನು ತಾನೆ. ಎಬ್ಬಿಸಿದ್ದಲ್ಲ, ಕೂರಿಸಿದ್ದು ಅಂತ ತಿದ್ದಬೇಕು ಅನ್ನಿಸಿತು, ಸುಮ್ಮನಾದೆ. ಒಪ್ಪಿಕೊಂಡು ಬಂದೆ.

ಗುಂಡಿ ಅತ್ತೆಗೆ ಎದ್ದೇಳಿ ಅಂತ ಹೇಳಿದೆ. "ಒಂದು ಸಲ ಕೂತ ಮೇಲೆ ನನ್ನ ಮಂಡಿಗೆ ಏಳೋದು ಮರೆತುಹೋಗಿದೆ ಕಣೇ" ಅಂದರು.

ನೀನು ಕೊರಗಬೇಡ. ಗೆಲ್ಲುವ ಹಾಗೆ ಮಾತಾಡು. ಎರಡು ನಿಮಿಷದಲ್ಲಿ ನಾನು ಒಬ್ಬರಿಗೆ ಇಡೀ ಮನೆಯ ಪರದೆ ಮಾರಿದ್ದೇನೆ.

ಅಕ್ಕ


ಮಾರ್ಚ್ 14

ಅಕ್ಕ,

ಮುಂದಿನ ವಾರ ನಮ್ಮ ಮಸೂದೆ ಚರ್ಚೆಗೆ ಬರುತ್ತದೆ. ಅದಕ್ಕೆ ಮೊದಲು ಒಂದು ಮಾತು ನಿನ್ನನ್ನೇ ಕೇಳಬೇಕಾಗಿದೆ.

ಕಾರ್ಮಿಕ ಮಂತ್ರಿಗಳು ಮನೆಗೆ ಕರೆಸಿದ್ದರು. ಹೊಗಳಿ ಹೊಗಳಿ ಅಟ್ಟಕ್ಕೇರಿಸಿದರು. ಆಮೇಲೆ ವಿಷಯಕ್ಕೆ ಬಂದರು. ಇಂಥ ಮಸೂದೆಗಳ ರೂಢಿ ಹೀಗಿದೆ: ಕೊನೆಯಲ್ಲಿ ಮಂತ್ರಿ ಎದ್ದು "ಸರ್ಕಾರ ಪರಿಶೀಲಿಸುತ್ತದೆ, ಸದಸ್ಯರು ಹಿಂತೆಗೆದುಕೊಳ್ಳಬೇಕು" ಎನ್ನುತ್ತಾರೆ. ಸದಸ್ಯರು ಧನ್ಯವಾದ ಹೇಳಿ ಹಿಂತೆಗೆದುಕೊಳ್ಳುತ್ತಾರೆ. ಎಲ್ಲರೂ ಮೇಜು ಕುಟ್ಟುತ್ತಾರೆ. ಅಲ್ಲಿಗೆ ಕಥೆ ಮುಗಿಯಿತು.

"ನೀವು ನಮ್ಮವರಾದರೆ ಮಾತೇ ಬೇರೆ" ಎಂದರು. ನಮ್ಮ ಪಕ್ಷವನ್ನು ಅವರ ಪಕ್ಷದಲ್ಲಿ ಸೇರಿಸಿಬಿಟ್ಟರೆ ಮಸೂದೆಯನ್ನು ಸರ್ಕಾರವೇ ತರುತ್ತದಂತೆ. ಗೆಲ್ಲುವುದು ಖಂಡಿತ. ನನಗೆ ಒಂದು ಮಂಡಳಿಯ ಅಧ್ಯಕ್ಷಗಿರಿ, ಒಂದು ಕಾರು. ನಮ್ಮದು ಒಂದೇ ತಲೆಯ ಪಕ್ಷ, ಸೇರಿಸುವುದಕ್ಕೆ ಎಷ್ಟು ಹೊತ್ತು? ಇನ್ನೊಂದು ಸಲ ಗಡ್ಡ ಹೆರೆದರೆ ಆಯಿತು.

ಕಾರು ಬೇಡ, ಅಕ್ಕ, ಬಸ್ಸಿನವನಿಗೆ ಕಾರು ಯಾಕೆ? ಆದರೆ ನೀನು ಕೂರಬಹುದು. ಕೆಲಸ ಉಳಿಯುತ್ತದೆ, ಕಾಲು ಉಳಿಯುತ್ತದೆ. ಕೌಂಟರಿನ ಕೆಳಗಿನಿಂದ ನಾನು ನೋಡಿದ ಕಾಲು ಅದು. ಅದಕ್ಕಿಂತ ಪಕ್ಷ ದೊಡ್ಡದೇ ಎಂದು ನನ್ನನ್ನು ನಾನೇ ಕೇಳಿಕೊಂಡರೆ ಉತ್ತರ ಹೊಳೆಯುವುದಿಲ್ಲ. ಕನ್ನಡಿಯ ಮುಂದೆ ಇವತ್ತು ಮೊದಲ ಸಲ ಭಿನ್ನಮತ ಎದ್ದಿದೆ.

ನೀನು ಹೂಂ ಅಂದರೆ ಹೋಗುತ್ತೇನೆ.

ತಮ್ಮ


ಮಾರ್ಚ್ 17

ತಮ್ಮಾ,

ಹೂಂ ಅನ್ನುವುದಿಲ್ಲ.

ನಿನ್ನ ಮಂತ್ರಿಗಳು ಮೂಗಿಗೆ ತುಪ್ಪ ಸವರುತ್ತಿದ್ದಾರೆ. ವಾಸನೆ ಬರುತ್ತದೆ, ನಾಲಿಗೆಗೆ ಎಟುಕುವುದಿಲ್ಲ. ಎಟುಕಿದರೂ ನನಗೆ ಬೇಡ. ನಿನಗೆ ಓಟು ಹಾಕಿದವರು ಆ ಪಕ್ಷ ಬೇಡ ಅಂತಲೇ ಹಾಕಿದ್ದು. ಗುಂಡಿ ಅತ್ತೆ ಮಂಡಿ ಹಿಡಿದುಕೊಂಡು ಆ ಸಾಲಿನಲ್ಲಿ ನಿಂತಿದ್ದರು, ನೆನಪಿದೆಯಾ? ಅವರಿಗೆ ಏನು ಹೇಳುತ್ತೀಯ? "ನಮ್ಮಕ್ಕನ ಕಾಲಿಗೋಸ್ಕರ" ಅಂತಲಾ?

ನನ್ನ ಕಾಲಿನ ನೆಪ ಹೇಳಿ ಅತ್ತ ಹೋಗಬೇಡ. ಹೋಗಲೇಬೇಕಾದರೆ ಕಾರು ಬೇಕು ಅಂತ ಹೇಳಿ ಹೋಗು. ಆಗ ನಾಲ್ಕು ದಿನ ಬೈದು ಸುಮ್ಮನಾಗುತ್ತೇನೆ. ಕಾಲಿನ ಹೆಸರು ಹೇಳಿ ಹೋದರೆ, ಆಮೇಲೆ ಕೂತಾಗಲೆಲ್ಲ ನಿನ್ನನ್ನು ಮಾರಿ ಕೊಂಡ ಕುರ್ಚಿಯ ಮೇಲೆ ಕೂತ ಹಾಗಾಗುತ್ತದೆ.

ಭಯ ಇಲ್ಲ ಅಂತಲ್ಲ. ಈ ವಯಸ್ಸಿನಲ್ಲಿ ಬೇರೆ ಯಾರು ಕೆಲಸ ಕೊಡುತ್ತಾರೆ? ಆದರೂ ಹಿಂತೆಗೆದುಕೊಳ್ಳಬೇಡ. ಮೇಜು ಕುಟ್ಟಿಸಿಕೊಂಡು ಬರಬೇಡ. ಮತಕ್ಕೆ ಹಾಕು ಅಂತ ಕೇಳು. ಸೋತರೆ ಸೋತೆವು ಅಂತಲಾದರೂ ಗೊತ್ತಾಗಲಿ.

ಊಟ ಹೊತ್ತಿಗೆ ಸರಿಯಾಗಿ ಮಾಡು. ಫೋಟೋದಲ್ಲಿ ಕೆನ್ನೆ ಒಳಗೆ ಹೋಗಿದೆ.

ಅಕ್ಕ


ಮಾರ್ಚ್ 22

ಅಕ್ಕ,

ಸೋತೆವು.

ನೀನು ಕೇಳಿದಂತೆಯೇ ಮಾಡಿದೆ. ಎಡಕ್ಕೆ ವಾಲಿ ಮಾತಾಡಿದೆ. ಡಾಕ್ಟರು ಕೂತುಕೊಂಡು ಹೇಳಿದ ಮಾತನ್ನು ಹೇಳಿದೆ, ಸದನ ನಕ್ಕಿತು. ಚಪ್ಪಲಿಯ ಮಾತು ಹೇಳಿದೆ, ನಗಲಿಲ್ಲ. ಮಂತ್ರಿಗಳು ಎದ್ದು ಹೊಗಳಿ, ಹಿಂತೆಗೆದುಕೊಳ್ಳಲು ಕೇಳಿದರು. ಎಲ್ಲರೂ ಮೇಜು ಕುಟ್ಟಲು ಕೈ ಎತ್ತಿಕೊಂಡೇ ಇದ್ದರು. "ಇಲ್ಲ, ಮತಕ್ಕೆ ಹಾಕಿ" ಎಂದೆ. ಸಭಾಧ್ಯಕ್ಷರಿಗೆ ಕೇಳಿಸಲಿಲ್ಲವೇನೋ, ಇನ್ನೊಮ್ಮೆ ಕೇಳಿದರು. ಇನ್ನೊಮ್ಮೆ ಹೇಳಿದೆ.

"ಇಲ್ಲ" ಎನ್ನುವ ಕೂಗೇ ಜೋರಾಗಿತ್ತು. ಎಣಿಸಿ ಎಂದು ಹಟ ಹಿಡಿದೆ. ಪರ ಇರುವವರು ಎದ್ದು ನಿಲ್ಲಿ ಎಂದರು. ಕೂರುವುದಕ್ಕಾಗಿ ನಾನೊಬ್ಬನೇ ನಿಂತೆ. ಸ್ವಲ್ಪ ಹೊತ್ತಾದ ಮೇಲೆ ಎದುರುಸಾಲಿನ ಒಬ್ಬ ಹಿರಿಯ ಹೆಂಗಸು ಮೇಜು ಹಿಡಿದುಕೊಂಡು ಎದ್ದರು. ಆಮೇಲೆ ಆಡಳಿತ ಪಕ್ಷದವನೇ ಒಬ್ಬ ಎದ್ದ. ಅವನ ತಾಯಿ ಆಸ್ಪತ್ರೆಯಲ್ಲಿ ದಾದಿಯಾಗಿದ್ದರಂತೆ. ಅವನ ಸಚೇತಕರು ಕಣ್ಣಿನಲ್ಲೇ ಅವನನ್ನು ಸುಟ್ಟರು, ಅವನು ಕೂರಲಿಲ್ಲ. ಕೊನೆಗೆ ಬೆರಳೆಣಿಕೆಯಷ್ಟು ಜನ ಆದೆವು. ಎಣಿಸುವ ಗುಮಾಸ್ತರ ಬೆರಳು ನನ್ನನ್ನು ದಾಟಿ ಬಾಗಿಲಿನವರ ಮೇಲೆ ಹೋಯಿತು. ಅವರು ಯಾವಾಗಲೂ ನಿಂತೇ ಇರುವವರು ಎಂದು ನೆನಪಾಗಿ ವಾಪಸ್ಸು ಬಂತು.

ಸದನ ಖಾಲಿಯಾದ ಮೇಲೆ ಬಾಗಿಲಿನವರು ಹತ್ತಿರ ಬಂದರು. "ನನ್ನನ್ನ ಎಣಿಸಲಿಲ್ಲ ಸಾರ್. ಎಣಿಸಿದ್ರೆ ಒಂದು ಜಾಸ್ತಿ ಆಗ್ತಿತ್ತು" ಎಂದರು.

ನಿನ್ನ ಕೆಲಸ ಕಳೆದೆ. ಹಾಳಾದ ಹೆಮ್ಮೆಯೂ ಆಗುತ್ತಿದೆ. ಎರಡೂ ಒಟ್ಟಿಗೆ.

ತಮ್ಮ


ಏಪ್ರಿಲ್ 6

ತಮ್ಮಾ,

ನನ್ನ ಕೆಲಸ ಕಳೆಯಲು ನೀನು ಯಾರೋ? ನಾನೇ ಒಪ್ಪಿಕೊಂಡ ಪಂದ್ಯ ಅದು.

ರೇಡಿಯೋದಲ್ಲಿ ಬಂದ ಮಾರನೆಯ ದಿನ ಸಾಹುಕಾರರು ಕರೆದರು. ನನ್ನ ಮುಖ ನೋಡಲಿಲ್ಲ, ಗಡಿಯಾರ ನೋಡಿದರು. "ಕಾನೂನು ಬರಲಿಲ್ಲಮ್ಮಾ" ಅಂದರು. ಸ್ಟೂಲು ಎತ್ತಿಕೊಂಡು ಬಂದೆ. ಗುಂಡಿ ಅತ್ತೆ ಗುಂಡಿ ಚೆಲ್ಲಿ, ಆರಿಸುವ ನೆಪದಲ್ಲಿ ಅಳುತ್ತಿದ್ದರು.

ಆ ದಿನ ಮನೆಯಲ್ಲಿ ಸುಮ್ಮನೆ ಕೂತೆ. ಎಷ್ಟು ಅಂತ ಕೂರುವುದು? ಆಮೇಲೆ ತಲೆಗೆ ಒಂದು ಹೊಳೆಯಿತು. ಮಾರನೆಯ ಬೆಳಗ್ಗೆ ಒಳ್ಳೆ ಬಟ್ಟೆ ಉಟ್ಟು, ಚೀಲ ತೂಗುಹಾಕಿಕೊಂಡು ಅಂಗಡಿಗೆ ಹೋದೆ. ಗಿರಾಕಿಯಾಗಿ! ಸಾಹುಕಾರರ ಬಾಯಿ ಅಭ್ಯಾಸಬಲದಿಂದ "ಬನ್ನಿ ಬನ್ನಿ, ಕೂತ್ಕೊಳ್ಳಿ" ಅಂದುಬಿಟ್ಟಿತು. ಮೆತ್ತನೆಯ ಕುರ್ಚಿಯಲ್ಲಿ ಕೂತು, ಪರದೆ ಬಟ್ಟೆ ತೋರಿಸಿ ಅಂದೆ. ನನ್ನ ಕೌಂಟರನ್ನೂ ಗುಂಡಿ ಅತ್ತೆಯೇ ನೋಡಿಕೊಳ್ಳುತ್ತಿದ್ದರು. "ಯಾವ ಬಣ್ಣ ತೋರಿಸಲಿ, ಮೇಡಂ?" ಅಂತ ನಗು ತಡೆದುಕೊಂಡು ಕೇಳಿದರು.

ಆವತ್ತಿನಿಂದ ದಿನಾ ಹೋಗುತ್ತಿದ್ದೇನೆ. ಹಳೆಯ ಗಿರಾಕಿಗಳು ಬಂದು ಪಕ್ಕದಲ್ಲೇ ಕೂರುತ್ತಾರೆ. "ನಮ್ಮ ಕಿಟಕಿಗೆ ಯಾವುದು ಚೆನ್ನಾಗಿರುತ್ತೆ, ಹೇಳಿ" ಅನ್ನುತ್ತಾರೆ. ಕೂತಲ್ಲಿಂದಲೇ ಹೇಳುತ್ತೇನೆ, ಅವರು ಕೊಂಡು ಹೋಗುತ್ತಾರೆ. ನಿನ್ನೆ ಸಾಹುಕಾರರಿಗೆ ತಡೆಯಲಾಗಲಿಲ್ಲ.

"ಇನ್ನೂ ಎಷ್ಟು ದಿನ ನೋಡ್ತೀಯಮ್ಮಾ ಬಟ್ಟೆ?"

"ಮನಸ್ಸಿಗೆ ಒಪ್ಪೋವರೆಗೆ, ಸಾಹುಕಾರ್ರೇ. ಗಿರಾಕೀನ ಎಬ್ಬಿಸಬಾರದು ಅಂತ ನೀವೇ ಕಲಿಸಿದ್ದು."

ನಗು ಬಂತು ಅವರಿಗೆ. ಅದನ್ನು ಮುಚ್ಚಿಕೊಳ್ಳಲು ಕೆಮ್ಮಿದರು.

ಹಟಮಾರಿ ಗಿರಾಕಿ,
ನಿನ್ನ ಅಕ್ಕ


ಆಗಸ್ಟ್ 2

ಅಕ್ಕ,

ನಾಲ್ಕು ತಿಂಗಳಿಂದ ನೀನು ಬರೆದಿಲ್ಲ. ಗುಂಡಿ ಅತ್ತೆಗೆ ಬರೆದರೆ, "ಚೆನ್ನಾಗಿದ್ದಾಳೆ, ಮಿಕ್ಕದ್ದು ಅವಳೇ ಹೇಳ್ತಾಳೆ" ಎಂದು ಒಂದೇ ಸಾಲು ಬಂತು.

ಸರ್ಕಾರ ಬಿತ್ತು. ಈ ವಾರದ ಕೊನೆಗೆ ಸದನ ವಿಸರ್ಜನೆ. ಪತ್ರಿಕೆಯಲ್ಲಿ ಎಲ್ಲ ಸದಸ್ಯರ ಸಾಧನೆ ಹಾಕಿದ್ದಾರೆ. ನನ್ನ ಹೆಸರಿನ ಮುಂದೆ "ಒಂದು ಮಸೂದೆ, ತಿರಸ್ಕೃತ" ಎಂದಿದೆ. ಕತ್ತರಿಸಿ ಇಟ್ಟುಕೊಂಡೆ. ಮೇಷ್ಟ್ರು ಮತ್ತೆ ನಿಲ್ಲು ಎನ್ನುತ್ತಾರೆ, ಗೆಲ್ಲುವ ನಂಬಿಕೆ ನನಗಿಲ್ಲ. ಬಸ್ ಡಿಪೋದಲ್ಲಿ ಕೇಳಿದ್ದೇನೆ, ಕೆಲಸ ಇದೆ ಎಂದಿದ್ದಾರೆ.

ನನಗೆ ಒಂದೇ ಕೊರಗು. ನೀನು ಈಗ ಎಲ್ಲಿ ಕೂತಿದ್ದೀಯ?

ತಮ್ಮ


ಆಗಸ್ಟ್ 5

ನನ್ನ ರಾಜ,

ಕಣ್ಣಾರೆ ಕಂಡ ಮೇಲೆ ಬರೆಯೋಣ ಅಂತ ಸುಮ್ಮನಿದ್ದೆ. ಪೂರ್ತಿ ತಿಳಿಯದೆ ಮೊದಲೇ ಕುಣಿದು ಒಂದು ಸಲ ಕೆಟ್ಟಿದ್ದೆವಲ್ಲ. ಈಗ ಕಂಡೆ.

ನಾನು ಗಿರಾಕಿಯಾಗಿ ಕೂತ ತಿಂಗಳಲ್ಲಿ ಪರದೆ ಬಟ್ಟೆ ಎಂದೂ ಇಲ್ಲದಷ್ಟು ಖರ್ಚಾಯಿತು. ಸಾಹುಕಾರರು ಒಂದು ಬೆಳಗ್ಗೆ ತಾವೇ ಚಹಾ ತಂದು ಕೈಗಿಟ್ಟರು. "ಕೂತು ಮಾರಿದ್ದೂ ಮಾರಾಟವೇ ಅಂತ ಕಾಣ್ಸುತ್ತೆ. ಒಳಗೆ ಬಾಮ್ಮಾ" ಅಂದರು. ನಾನೊಬ್ಬಳೇ ಆದರೆ ಬರುವುದಿಲ್ಲ ಅಂದೆ. ಬಡಗಿಯನ್ನು ಕರೆಸಿದರು. ಅವನು ನಿನ್ನ ಸದನಕ್ಕಿಂತ ನಿಧಾನ. ಅಂತೂ ಮೊನ್ನೆ ಎಲ್ಲ ಕೌಂಟರಿನ ಹಿಂದೆಯೂ ಒಂದೊಂದು ಕುರ್ಚಿ ಬಂತು, ಬೆನ್ನಿಗೆ ಆಸರೆ ಇರುವಂಥದ್ದು. ಕಾನೂನಿಗೆ ಹೆದರಿ ಮಾಡಿಸಿದ್ದಲ್ಲವಂತೆ, ನೂರು ಸಲ ಹೇಳಿದರು. ನಾನೂ ನೂರು ಸಲ ಹೂಂ ಅಂದೆ. ಗುಂಡಿ ಅತ್ತೆ ಈಗ ಗುಂಡಿ ಚೆಲ್ಲುವುದಿಲ್ಲ.

ಪತ್ರಿಕೆಯವರಿಗೆ ನಿನ್ನ ಸಾಧನೆ ಏನು ಗೊತ್ತು? ಇಲ್ಲಿ ಬಂದು ನೋಡಲಿ, ಕೂತಿದೆ.

ಮನೆಗೆ ಬಾ. ಡಿಪೋದ ಕೆಲಸ ಒಳ್ಳೆಯದೇ. ಅಂಗಿ ನಾನು ಇಸ್ತ್ರಿ ಮಾಡಿಕೊಡುತ್ತೇನೆ, ಚಹಾ ನೀನು ಚೆಲ್ಲಿಕೊ.

ಬರುವ ಮುಂಚೆ ಒಂದು ಕೆಲಸ. ಈ ಕಾಗದದ ಜೊತೆ ಬಸ್ಸಿನ ಪಾರ್ಸೆಲಿನಲ್ಲಿ ನನ್ನ ಹಳೆಯ ಸ್ಟೂಲು ಕಳಿಸಿದ್ದೇನೆ. ಒಂದು ಕಾಲು ಸ್ವಲ್ಪ ಅಲುಗುತ್ತಿತ್ತು, ಬಡಗಿಯ ಕೈಯಲ್ಲಿ ಸರಿಮಾಡಿಸಿದೆ. ಕೊನೆಯ ದಿನ ಅದನ್ನು ನಿನ್ನ ಕಂಬದ ಪಕ್ಕ, ಆ ಬಾಗಿಲ ಹತ್ತಿರ ಇಟ್ಟು, ನಿನ್ನ ಬಾಗಿಲಿನವರನ್ನು ಕೂರಿಸಿ ಬಾ. ಬೇಡ ಅಂದರೆ ಬಿಡಬೇಡ. ಯಾರಾದರೂ ಬಂದು ಏನಿದು ಅಂತ ಕೇಳಿದರೆ, ಕಾನೂನು ಅನ್ನು. ಯಾರೂ ವಿರೋಧಿಸಲಿಲ್ಲ ಅನ್ನು.

ನಿನ್ನ
ಅಕ್ಕ